ಆರಾಮ ಅದೀನ್ರಿ, ಸಾಹೇಬ್ರ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಈಗಿನ ಮದುವೆಗಳಲ್ಲಿ ಹೊಸದೊಂದು ಸಡಗರ ಸೇರಿಕೊಂಡಿದೆ. ಮಂಟಪದ ಬಾಗಿಲಲ್ಲೇ ಒಬ್ಬ ಆಳು ನಿಂತು ಬಂದ ಗಂಡಸರಿಗೆಲ್ಲ ಪಟಕಾ ಸುತ್ತಿ ಒಳಗೆ ಕಳಿಸುತ್ತಾನೆ. ಜೀವಮಾನದಲ್ಲಿ ತಲೆಗೆ ಟವೆಲನ್ನೂ ಸುತ್ತದವರು ಅರ್ಧ ತಾಸು ಗೌಡರಾಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ನೋಡಿ ನಗುತ್ತ ಒಳಗೆ ಹೋಗುವವಳಿದ್ದೆ. ಅಷ್ಟರಲ್ಲಿ ಆತ ಗಂಜಿ ಹಾಕಿದ ಬಿಳಿ ಬಟ್ಟೆಯ ಮೇಲೆ ನೀರು ಚಿಮುಕಿಸಿ ಕೊಡವಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿನವರು "ಸರೀರಿ ಅಕ್ಕಾರ, ಹಾದಿ ಬಿಡ್ರಿ" ಎಂದರು. ಸರಿದೆ. ಆದರೆ ಆವತ್ತು ಊಟ ರುಚಿಸಲಿಲ್ಲ.

ಕೋರ್ಟಿಗೆ ಹೋಗುವ ದಿನ ಬೆಳಗ್ಗೆ ನಮ್ಮ ಪಡಸಾಲೆಯಲ್ಲಿ ಅಪ್ಪ ತನ್ನ ತಮ್ಮನ ತಲೆಗೆ ಪಟಕಾ ಸುತ್ತಿದಾಗ ಇದೇ ವಾಸನೆ ಇತ್ತು. ಅಪ್ಪನ ತಮ್ಮ ಎಂದರೆ ನನ್ನ ಕಾಕಾ.

ನಮ್ಮೂರು ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ಕಡೆ, ಸುತ್ತ ಎರೆಹೊಲ. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ, ಕಾಕಾ ಊರಿನವರ ಕಾಳುಕಡಿ, ಮೆಣಸಿನಕಾಯಿಗಳನ್ನು ಚಕ್ಕಡಿಯಲ್ಲಿ ಅಣ್ಣಿಗೇರಿ ಪೇಟೆಗೆ ಒಯ್ದು ಮಾರಿಸಿ ಬರುತ್ತಿದ್ದ. ಆದರೆ ಅವನ ನಿಜವಾದ ಕಸುಬು ಮಾತು. ಯಾರ ಮನೆಯ ಹೆಣ್ಣು ಯಾರ ಮನೆಗೆ ಹೋಗಿದ್ದಾಳೆ, ಆ ಮನೆಯ ಸೋದರಮಾವ ಯಾರು, ಅವರಿಗೂ ಇವರಿಗೂ ಯಾವ ಮದುವೆಯಲ್ಲಿ ಮನಸ್ತಾಪ ಬಂತು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ನಮ್ಮ ಸುತ್ತಿನ ಊರುಗಳಲ್ಲಿ ಯಾರದೇ ಮದುವೆ ಮಾತುಕತೆ ನಡೆಯಲಿ, ಅದು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಾಕಾನನ್ನು ಕರೆಸುತ್ತಿದ್ದರು. ಆತ ಹೋಗಿ ಇಬ್ಬರನ್ನೂ ಒಂದಿಷ್ಟು ಬೈದು, ಒಂದಿಷ್ಟು ನಗಿಸಿ, ಸಕ್ಕರೆ ಹಂಚಿಸಿಯೇ ಎದ್ದು ಬರುತ್ತಿದ್ದ. ನನ್ನನ್ನು ಕಂಡಾಗಲೆಲ್ಲ, "ಲೇ ಹುಡುಗಿ, ನಿನಗ ಎಂಥಾ ಮನಿ ನೋಡ್ತೀನಿ ನೋಡು, ನೀ ಅಲ್ಲೆ ಕಸಾ ಹೊಡಿಯೂ ಹಂಗಿಲ್ಲ" ಎನ್ನುತ್ತಿದ್ದ. ನಾನು ನಾಚಿ ಒಳಗೆ ಓಡುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಒಂದು ಸಂಜೆ ಪೇಟೆಯಿಂದ ಖಾಲಿ ಚಕ್ಕಡಿ ಹೊಡೆದುಕೊಂಡು ಬರುತ್ತಿದ್ದಾಗ ಹಿಂದಿನಿಂದ ಲಾರಿ ಬಂದು ಬಡಿಯಿತು. ಒಂದೆತ್ತು ಅಲ್ಲೇ ಸತ್ತಿತು. ಕಾಕಾ ಹಾರಿ ರಸ್ತೆಬದಿಯ ಕಲ್ಲಿನ ಮೇಲೆ ಬಿದ್ದ. ಹುಬ್ಬಳ್ಳಿಯ ದವಾಖಾನೆಯಲ್ಲಿ ಎಷ್ಟೋ ದಿನ ಕಣ್ಣು ತೆರೆಯಲಿಲ್ಲ. ತೆರೆದಾಗ ಮನೆಯವರೆಲ್ಲ ಅತ್ತು, ನಕ್ಕು, ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತರು. ಊರಿಗೆ ಕರೆತಂದಾಗ ಎಡಗಿವಿಯ ಮೇಲೆ ತಲೆಬುರುಡೆ ಒಳಕ್ಕೆ ತಗ್ಗಿತ್ತು. ಅದೊಂದನ್ನು ಬಿಟ್ಟರೆ ಆತ ನಮ್ಮ ಕಾಕಾನೇ. ಕೈಕಾಲು ನೆಟ್ಟಗಿದ್ದವು, ಮುಖದಲ್ಲಿ ಅದೇ ಮೀಸೆ.

ಎಲ್ಲವೂ ಒಂದೊಂದಾಗಿ ಹೊರಗೆ ಬಂತು. ಮೊದಲು ಗೊತ್ತಾದದ್ದು ವಾಸನೆ ಹೋಗಿದೆ ಎಂಬುದು. ಹಳಸಿದ ಸಾರನ್ನು ಸುರಿದುಕೊಂಡು ಉಣ್ಣುತ್ತಿದ್ದ; ಮುಷ್ಟಿ ತುಂಬ ಮೆಣಸಿನಕಾಯಿ ಹಿಡಿದು ಮೂಸಿ, ಮತ್ತೆ ಮೂಸಿ, ಕೆಳಗೆ ಹಾಕುತ್ತಿದ್ದ. ಆಮೇಲೆ ಮರೆವು. ಹಳೆಯದೆಲ್ಲ ನೆನಪಿತ್ತು, ಬೆಳಗ್ಗೆ ನಡೆದದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಊಟ ಮಾಡಿ ಕೈ ತೊಳೆದು ಬಂದು, ಇವತ್ತು ನನಗೆ ಊಟ ಹಾಕುವುದಿಲ್ಲವೇ ಎಂದು ಜಗಳ ತೆಗೆಯುತ್ತಿದ್ದ. ಪಾತ್ರೆಯ ಸದ್ದಾದರೆ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಎಲ್ಲಕ್ಕಿಂತ ಕೆಟ್ಟದ್ದು ಸಿಟ್ಟು. ಆತನ ಬಾಯಲ್ಲಿ ಒಂದು ಹೊಲಸು ಮಾತು ಕೇಳದ ನಾವು ಏನೇನೋ ಕೇಳಿದೆವು. ಕಾಕಾನ ಹೆಂಡತಿಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಅವಳ ಮೈಮೇಲೆ ಬಾಸುಂಡೆಗಳೂ ಬಂದವು. ಸಿಟ್ಟು ಇಳಿದ ಮೇಲೆ ಆತ ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಬಂದು, "ನಾ ಏನರ ಅಂದ್ನೇನ ನಿನಗ?" ಎಂದು ಕೇಳುತ್ತಿದ್ದ. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಏನೂ ಅಂದಿಲ್ಲ ಬಿಡ್ರಿ, ಉಣ್ಣ ಬರ್ರಿ" ಎನ್ನುತ್ತಿದ್ದಳು. ಆತನಿಗೆ ನಂಬಿಕೆ ಬರುತ್ತಿರಲಿಲ್ಲ. ಅವಳ ತೋಳನ್ನು ನೋಡುತ್ತಿದ್ದ, ತಲೆ ತಗ್ಗಿಸುತ್ತಿದ್ದ...

ನಮ್ಮ ಮನೆಯವರು ಇದನ್ನೆಲ್ಲ ಮುಚ್ಚಿದರು. ಮುಚ್ಚುವುದರಲ್ಲಿ ನಮ್ಮನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ! ಯಾರಾದರೂ ಬಂದರೆ ಕಾಕಾನನ್ನು ಹಿತ್ತಲ ಕೋಣೆಗೆ ಕಳಿಸಿ, "ಹೊಲಕ್ಕ ಹೋಗ್ಯಾನ್ರಿ" ಎನ್ನುವುದು. ಒಳಗಿನಿಂದ ಕೂಗು ಕೇಳಿದರೆ ಅಜ್ಜಿ ಕೆಮ್ಮುವುದು. ಯಮನೂರಿನ ದರ್ಗಾಕ್ಕೆ ಕರೆದೊಯ್ದದ್ದೂ ಹೊಸ ಎತ್ತಿನ ಹರಕೆ ಎಂಬ ಹೆಸರಿನಲ್ಲಿ. ಕಾರಣ ನಾನು. ಆಗ ನನಗೆ ಕುಂದಗೋಳದ ಒಂದು ಮನೆತನದಿಂದ ಕೇಳಿಕೊಂಡು ಬಂದಿದ್ದರು. ಹಿಂದೆ ಆ ಮಾತು ತೆಗೆದವನು ಕಾಕಾನೇ. ಆತ ಕೆಟ್ಟುಹೋದ ಎಂದು ತಿಳಿದರೆ, ಹುಚ್ಚರ ಮನೆತನ ಎಂದು ಅವರು ಹಿಂದೆ ಸರಿಯುತ್ತಾರೆ ಎಂಬುದು ಅಪ್ಪನ ಭಯ. ಲಾರಿ ಬಡಿದದ್ದು ರಕ್ತದಲ್ಲಿ ಇಳಿದು ಬರುತ್ತದೆಯೇ ಎಂದು ಕೇಳುವ ಬುದ್ಧಿ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ. ನಿಜ ಹೇಳಬೇಕೆಂದರೆ ಕಾಕಾ ಓಣಿಗೆ ಬಂದರೆ ನನಗೇ ನಾಚಿಕೆಯಾಗುತ್ತಿತ್ತು.

ವಕೀಲರ ಹತ್ತಿರ ಹೋಗಬೇಕೆಂದವಳು ಚಿಗವ್ವ. ಅಪಘಾತದ ಕೋರ್ಟಿನಲ್ಲಿ ಪರಿಹಾರ ಕೇಳಬಹುದು, ಅದರಿಂದ ಗಂಡನನ್ನು ಮುಂಬೈಗಾದರೂ ಒಯ್ದು ತಲೆಯ ಡಾಕ್ಟರಿಗೆ ತೋರಿಸಬಹುದು ಎಂದು ಯಾರೋ ಅವಳಿಗೆ ಹೇಳಿದ್ದರು. ಅವಳಿಗೆ ಬೇರೆ ಏನೂ ಬೇಕಿರಲಿಲ್ಲ, ಗಂಡ ಮೊದಲಿನವನಾಗಬೇಕಿತ್ತು. ಅಪ್ಪ ಒಲ್ಲೆನೆಂದ. ಆಕೆ ಊಟ ಬಿಟ್ಟಳು. ಕೊನೆಗೆ ಅಪ್ಪ ಒಪ್ಪಿದ. ಹುಬ್ಬಳ್ಳಿಗೆ ಹೋಗುವಾಗ ಜೊತೆಗೆ ಹೆಣ್ಣುಮಗಳೊಬ್ಬಳಿರಲಿ ಎಂದು ನನ್ನನ್ನೂ ಕರೆದುಕೊಂಡರು.

ವಕೀಲರು ವಯಸ್ಸಾದವರು, ತಾಳ್ಮೆಯವರು. ಚಿಗವ್ವ ಸೆರಗು ಹೊದ್ದುಕೊಂಡು ತಡವರಿಸುತ್ತ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ನೋಡ್ರಿ ಯಜಮಾನ್ರ, ಕಾಲ ಮುರದಿದ್ರ ನಾ ಏನೂ ಹೇಳೂದ ಬ್ಯಾಡಾಗಿತ್ತು. ಜಡ್ಜ್ ಸಾಹೇಬ್ರಿಗೆ ಕಣ್ಣಿಗೆ ಕಾಣ್ತಿತ್ತು. ತಲಿ ಒಳಗಿನ ಪೆಟ್ಟು ಕಾಣಂಗಿಲ್ಲ. ಅದನ್ನ ನೀವ ಕಾಣೂ ಹಂಗ ಮಾಡಬೇಕು" ಎಂದರು. ಮೂರು ಕೆಲಸ ಹೇಳಿದರು. ಧಾರವಾಡದಲ್ಲಿ ತಲೆಯ ವಿಷಯ ತಿಳಿದ ಡಾಕ್ಟರಿಗೆ ತೋರಿಸಿ, ಅವರನ್ನು ಸಾಕ್ಷಿಗೆ ಕರೆಸಬೇಕು. ಮೊದಲು ಹೇಗಿದ್ದ, ಈಗ ಹೇಗಿದ್ದಾನೆ ಎಂದು ಹೇಳುವ ಹೊರಗಿನವರೊಬ್ಬರು ಬೇಕು. ಕೋರ್ಟಿಗೆ ಬರುವಾಗ ಕಾಕಾ ಬರಿದಲೆಯಲ್ಲಿ ಬರಬೇಕು, ತಗ್ಗು ಕಾಣಬೇಕು. "ಒಂದೂ ಮುಚ್ಚಬ್ಯಾಡ್ರಿ. ಹೊಡಿತಾರ ಅನ್ನೂದೂ ಹೇಳ್ರಿ ತಾಯೀ" ಎಂದು ಚಿಗವ್ವನಿಗೆ ಬೇರೆಯಾಗಿ ಹೇಳಿದರು. ಅಪ್ಪ "ಹೂಂನ್ರಿ, ಹೂಂನ್ರಿ" ಎಂದು ತಲೆ ಆಡಿಸಿದ.

ಬಸ್ಸಿನಲ್ಲಿ ಕೂತ ಮೇಲೆ ಅಪ್ಪನ ಬಾಯಿ ತೆರೆಯಿತು. "ಕೋರ್ಟನ್ಯಾಗ ಮನಿ ಮಾತು ಆಡ್ತಿಯೇನ? ಗಂಡ ಬಡಿತಾನ ಅಂತ ನಾಕು ಮಂದಿ ಮುಂದ ಹೇಳ್ತಿಯೇನ?" ಚಿಗವ್ವ, "ಭಾವಾರ, ಹೇಳಲಿಲ್ಲಂದ್ರ ಹ್ಯಾಂಗ ತಿಳಿತೈತ್ರಿ ಅವ್ರಿಗೆ?" ಎಂದಳು. "ಈ ಹುಡುಗಿ ಲಗ್ನ ಆಗೂತನಾ ತಡಿ" ಎಂದ ಅಪ್ಪ. ಚಿಗವ್ವ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಧಾರವಾಡದ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಅಲ್ಲಿ ಹುಚ್ಚರನ್ನೂ ನೋಡುತ್ತಾರೆ, ಗೇಟಿನಲ್ಲಿ ನಮ್ಮ ಕಡೆಯವರು ಯಾರಾದರೂ ಕಂಡರೆ ಏನು ಗತಿ ಎಂದು ಅಪ್ಪ ದಿನ ದೂಡಿದ. ವಕೀಲರು ಕೇಳಿದಾಗ ಡಾಕ್ಟರು ರಜೆಯಲ್ಲಿದ್ದಾರೆ ಎಂದ. ಇನ್ನು ಹೊರಗಿನ ಸಾಕ್ಷಿ ಎಲ್ಲಿಂದ ಬರಬೇಕು? ಊರಿನವರಿಗೆ ನಾವು ಹೇಳಿದ್ದೇ ಬೇರೆ. ಸತ್ತ ಎತ್ತಿನ ಪರಿಹಾರಕ್ಕೆ ಕೋರ್ಟಿಗೆ ಅಲೆಯುತ್ತಿದ್ದೇವೆ ಎಂದು ಅಪ್ಪ ಕಟ್ಟೆಯ ಮೇಲೆ ಕೂತು ಹೇಳಿಬಿಟ್ಟಿದ್ದ. ಊರಲ್ಲಿ ಅದು "ಎತ್ತಿನ ಕೇಸು" ಎಂದೇ ಹೆಸರಾಯಿತು. ನನ್ನ ಕಾಕಾ ತನ್ನದೇ ಕೇಸಿನಲ್ಲಿ ಇರಲಿಲ್ಲ.

ಕಾಕಾ ಸಾಕ್ಷಿ ಹೇಳುವ ದಿನ ಬಂತು. ಬಸ್ಸಿನ ಸದ್ದಿಗೆ ಆತ ಗಾಬರಿಯಾಗುತ್ತಿದ್ದ, ನಾನು ಕೈ ಹಿಡಿದರೆ ಸುಮ್ಮನಿರುತ್ತಿದ್ದ. ಹಾಗಾಗಿ ನನ್ನನ್ನು ಬಿಟ್ಟುಹೋಗುವಂತಿರಲಿಲ್ಲ. ಬೆಳಗ್ಗೆ ಅಪ್ಪ ಹೊಸ ಪಟಕಾ ಬಿಚ್ಚಿ ನೀರು ಚಿಮುಕಿಸಿದ. ಚಿಗವ್ವ, "ವಕೀಲ್ರು ಬ್ಯಾಡಂದಾರ್ರಿ" ಎಂದಳು. "ಕಚೇರಿಗೆ ಬರಿದಲಿಲೆ ಹೋಗಾಕ ಅವ್ನ ಮನ್ಯಾಗ ಯಾರರ ಸತ್ತಾರೇನು?" ಎಂದು ಅಪ್ಪ ಗದರಿಸಿದ. ನಮ್ಮಲ್ಲಿ ಗಂಡಸರು ಬರಿದಲೆಯಲ್ಲಿ ಹಿರಿಯರ ಮುಂದೆ ನಿಲ್ಲುವುದು ಸೂತಕದ ಮನೆಯಲ್ಲಿ ಮಾತ್ರ. ತಗ್ಗಿನ ಮೇಲೆ ಬಟ್ಟೆ ತಾಗಿದಾಗ ಕಾಕಾ ಹಲ್ಲು ಕಚ್ಚಿದ. ಅಪ್ಪ ಸುತ್ತುತ್ತ ಒಂದೇ ಮಾತು ಹೇಳುತ್ತಿದ್ದ: "ತಮ್ಮಾ, ಕೇಳಿದ್ದಕ್ಕ ಅಷ್ಟ ಜವಾಬು ಕೊಡು. ಕೆಟ್ಟ ಮಾತು ಬರಬಾರದು. ನಮ್ಮ ಮಾನ ಕಾಯಿ." ಕಾಕಾ ಹೂಂ ಎಂದ. ಕನ್ನಡಿ ಕೊಟ್ಟರು. ಅದರಲ್ಲಿ ಹಳೆಯ ಕಾಕಾ ಕಾಣುತ್ತಿದ್ದ. ಆತನಿಗೂ ಹಾಗೇ ಕಂಡಿರಬೇಕು, ಮೀಸೆಯ ಮೇಲೆ ಕೈಯಾಡಿಸಿದ...

ಕೋರ್ಟಿನ ಪಡಸಾಲೆಯಲ್ಲಿ ಒಬ್ಬ ಹಿರಿಯರು ಎದ್ದು ನಮ್ಮ ಕಡೆ ಬಂದರು. ಅಪ್ಪನ ಮುಖದ ಬಣ್ಣವೇ ಇಳಿಯಿತು. ಅವರು ಅಣ್ಣಿಗೇರಿ ಪೇಟೆಯ ದಲಾಲಿ ಅಂಗಡಿಯವರು, ಕಾಕಾ ಮೆಣಸಿನಕಾಯಿ ಒಯ್ಯುತ್ತಿದ್ದದ್ದು ಅವರ ಅಂಗಡಿಗೇ. ಅದಕ್ಕಿಂತ ಹೆಚ್ಚಾಗಿ, ನನ್ನನ್ನು ಕೇಳಿಕೊಂಡು ಬಂದಿದ್ದ ಕುಂದಗೋಳದ ಹುಡುಗನ ಸೋದರಮಾವ. ಅವರು, "ಏನ್ರಿ, ತಮ್ಮಂದು ಹೆಂಗೈತಿ? ಕೇಸ್ ಅಂತ ಕೇಳಿದೆ, ನನ್ನಿಂದ ಏನರ..." ಎಂದು ಇನ್ನೂ ಹೇಳುತ್ತಿದ್ದರು. ಅಪ್ಪ ನಡುವೆಯೇ ಬಾಯಿ ಹಾಕಿ, "ಅಗದಿ ಆರಾಮ ಅದಾನ್ರಿ! ಇದು ಸುಮ್ನ ಎತ್ತಿನ ಸಲುವಾಗಿ ಬಂದೇವ್ರಿ" ಎಂದ. ಅವರು ಕಾಕಾನನ್ನು ಒಂದು ಸಲ ನೋಡಿ, ಅಪ್ಪನನ್ನು ಒಂದು ಸಲ ನೋಡಿ, "ಹಂಗಂದ್ರ ಛಲೋ ಆತು ಬಿಡ್ರಿ" ಎಂದು ಕೋರ್ಟಿನ ಒಳಗೆ ಹೋಗಿ ಹಿಂದಿನ ಬೆಂಚಿನ ಮೇಲೆ ಕೂತರು. ನಮ್ಮ ಗುಟ್ಟು ನೋಡಲು ಬಂದ ಮನುಷ್ಯ ಎಂದು ನಾವೆಲ್ಲ ಅಂದುಕೊಂಡೆವು.

ಕಾಕಾ ಕಟಕಟೆಯಲ್ಲಿ ನಿಂತ. ನ್ಯಾಯಾಧೀಶರು ಸಜ್ಜನರು, ಪೆಟ್ಟು ತಿಂದವನೆಂದು ಮೆತ್ತಗೆ, "ಹೆಂಗಿದ್ದೀರಿ ಈಗ?" ಎಂದು ಕೇಳಿದರು. ಕಾಕಾ ಕೈ ಮುಗಿದ. ಹಿಂದಿನ ಬೆಂಚಿನಲ್ಲಿ ಕೂತವರನ್ನು ನೋಡಿದ, ಅಪ್ಪನನ್ನು ನೋಡಿದ. "ಅಗದಿ ಆರಾಮ ಅದೀನ್ರಿ, ಸಾಹೇಬ್ರ. ತಮ್ಮ ಆಶೀರ್ವಾದ. ತಾವು ಆರಾಮ ಅದೀರಿ?" ಎಂದ. ಕೂತವರೆಲ್ಲ ನಕ್ಕರು. ನಮ್ಮ ವಕೀಲರು ಒಬ್ಬರೇ ನಗಲಿಲ್ಲ.

ಲಾರಿಯ ವಿಮಾ ಕಂಪನಿಯ ವಕೀಲರು ಎದ್ದರು. ಅವರು ಜಾಣರು, ಕಾಕಾನ ಜೊತೆ ಕಟ್ಟೆಯ ಮೇಲೆ ಕೂತವರಂತೆ ಹರಟೆಗೆ ಇಳಿದರು. ನೀವು ಮದುವೆ ಕೂಡಿಸುವವರಂತಲ್ಲ, ಇಲ್ಲಿ ಕೂತವರಲ್ಲಿ ಯಾರಾದರೂ ಪರಿಚಯವಿದ್ದಾರೆಯೇ ಎಂದು ಕೇಳಿದರು. ಅಷ್ಟು ಸಾಕಾಯಿತು. ಕಾಕಾ ದಲಾಲಿ ಅಂಗಡಿಯವರನ್ನು ತೋರಿಸಿ ಅವರ ಅಜ್ಜನಿಂದ ಹಿಡಿದು ಶುರುಮಾಡಿದ. ಅವರ ತಂಗಿಯನ್ನು ಕುಂದಗೋಳಕ್ಕೆ ಕೊಟ್ಟದ್ದು, ಆ ಮದುವೆಯಲ್ಲಿ ಬೀಗರು ಮುನಿದದ್ದು, ತಾನು ಹೋಗಿ ಅವರನ್ನು ಎಬ್ಬಿಸಿಕೊಂಡು ಬಂದು ಪಂಕ್ತಿಗೆ ಕೂಡಿಸಿದ್ದು... ಒಂದಾದರೂ ತಪ್ಪಲಿಲ್ಲ. ಆತನ ಮುಖ ಹೊಳೆಯುತ್ತಿತ್ತು. ಎಷ್ಟೋ ತಿಂಗಳ ಮೇಲೆ ಜನ ಅವನ ಮಾತು ಕೇಳುತ್ತಿದ್ದರು. "ನೆನಪು ಹೋಗೇದ ಅಂತ ಅರ್ಜಿ ಹಾಕ್ಯಾರ್ರಿ ಸಾಹೇಬ್ರ. ಇವರ ನೆನಪು ನಮ್ಮೆಲ್ಲಾರಕಿಂತ ಛಲೋ ಅದ" ಎಂದು ಆ ವಕೀಲರು ಕೂತರು. ಬೆಳಗ್ಗೆ ಏನು ತಿಂದಿರಿ ಎಂದು ಯಾರಾದರೂ ಕೇಳಿದ್ದರೆ ಸಾಕಿತ್ತು. ನಮ್ಮ ವಕೀಲರು ಕೇಳಲು ಎದ್ದಾಗ ಅಪ್ಪ ಬೇಡವೆಂದು ಕಣ್ಣಲ್ಲೇ ತಡೆದ. ಆದರೂ ಅವರು ಒಂದೆರಡು ಕೇಳಿದರು. ಕಾಕಾ ಎಲ್ಲಕ್ಕೂ "ಆರಾಮ ಐತ್ರಿ" ಎಂದುಬಿಟ್ಟ. ಆಮೇಲೆ ಚಿಗವ್ವನನ್ನು ಕರೆದರು. ಹೊಡೆಯುತ್ತಾನೆಯೇ ಎಂದು ಕೇಳಿದಾಗ ಹಿಂದಿನ ಬೆಂಚಿನ ಕಡೆ ನೋಡಿ ಅವಳೂ, "ಇಲ್ರಿ" ಎಂದಳು. ಹಾಗೆನ್ನುವಾಗ ತೋಳು ಮುಚ್ಚಲು ಸೆರಗು ಎಳೆದುಕೊಂಡಳು.

ಹೊರಗೆ ಬಂದ ಕೂಡಲೇ ಕಾಕಾ ನನ್ನ ಕೈ ಹಿಡಿದು, "ನಾವು ಯಾರ ಲಗ್ನಕ್ಕ ಬಂದೀವಿ?" ಎಂದು ಕೇಳಿದ.

ಬಸ್ಸಿನಲ್ಲಿ ಪಟಕಾ ಬಿಚ್ಚಿದೆವು. ತಗ್ಗಿನ ಸುತ್ತ ಕೆಂಪಾಗಿತ್ತು, ಬೆವರು ಸುರಿಯುತ್ತಿತ್ತು. ಕಾಕಾ ನನ್ನ ಕಿವಿಯ ಹತ್ತಿರ ಬಾಗಿ, "ಹುಡುಗೀ, ನನ್ನ ಬಾಯಾಗ ಕೆಟ್ಟ ಮಾತು ಬರಲಿಲ್ಲಲ್ಲ? ಅವ್ರ ಮುಂದ ನಿನ್ನ ಹೆಸರು ಕೆಡಸಲಿಲ್ಲಲ್ಲ ನಾ?" ಎಂದ. ಎಲ್ಲಿಗೆ ಹೋಗಿದ್ದೆವೆಂಬುದು ಮರೆತಿತ್ತು, ಇದೊಂದು ಮರೆತಿರಲಿಲ್ಲ. ನಾನು ಇಲ್ಲವೆಂದು ತಲೆಯಾಡಿಸಿದೆ. ಆವತ್ತು ಸಂಜೆ ಮನೆಯಲ್ಲಿ ಮೊದಲ ಸಲ ಆತನಿಗೆ ಮೂರ್ಛೆ ಬಂತು. ಅಂಗಳದಲ್ಲಿ ಬಿದ್ದು ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಅಪ್ಪ ಮೊದಲು ಮಾಡಿದ ಕೆಲಸ ಬೀದಿಯ ಬಾಗಿಲು ಹಾಕಿದ್ದು.

ತೀರ್ಪು ಬಂತು. ದವಾಖಾನೆಯ ಖರ್ಚಿಗೆ ಏನೋ ಸ್ವಲ್ಪ ಕೊಟ್ಟಿದ್ದರು. ತಲೆಗೆ ಕಾಯಂ ಊನವಾಗಿದೆ ಎಂಬುದಕ್ಕೆ ಆಧಾರವಿಲ್ಲ ಎಂದಿದ್ದರು. ಅವರದೇನು ತಪ್ಪು? ನಾವೇ ಆರಾಮ ಎಂದು ಹೇಳಿ ಬಂದಿದ್ದೆವು. ಮುಂಬೈಯ ಮಾತು ಅಲ್ಲಿಗೆ ಮುಗಿಯಿತು.

ನನ್ನ ಮದುವೆ ಮಾತ್ರ ಕುಂದಗೋಳದಲ್ಲಿ ನಡೆಯಿತು. ಸುತ್ತಿನ ಊರುಗಳ ಮದುವೆಗಳನ್ನೆಲ್ಲ ಕೂಡಿಸಿದವನನ್ನು ನನ್ನ ಮದುವೆಗೆ ಕರೆದೊಯ್ಯಲಿಲ್ಲ. ಮೂರ್ಛೆ ಬಂದರೆ ಎಂದು ಹೊಲದ ಮನೆಯಲ್ಲಿ ಬಿಟ್ಟರು, ಕಾಯಲು ಚಿಗವ್ವನೂ ಅಲ್ಲೇ ಉಳಿದಳು. ನಾನು ಅಕ್ಕಿಕಾಳು ಹಾಕಿಸಿಕೊಳ್ಳುತ್ತಿರುವಾಗ ಅವರಿಬ್ಬರೂ ಅಲ್ಲಿ ಬುತ್ತಿ ಉಂಡರಂತೆ.

ಮದುವೆಯಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಕಾಳು ಹಸನು ಮಾಡುತ್ತ ಕೂತಿದ್ದಾಗ ನಮ್ಮತ್ತೆ, "ನಿಮ್ಮ ಕಾಕಾನ್ನ ಯಾಕ ಕರಕೊಂಡು ಬರಲಿಲ್ಲ ಲಗ್ನಕ್ಕ?" ಎಂದು ಕೇಳಿದರು. ಜಡ್ಡು ಎಂದೆ. ಅವರು ಮೊರ ಕೆಳಗಿಟ್ಟರು.

"ಗೊತ್ತೈತವಾ ನಮಗ. ಲಾರಿ ಬಡದ್ರ ಯಾರಿಗಾದ್ರೂ ಹಂಗಾಗತೈತಿ. ಪಾಪ, ನಮ್ಮಣ್ಣನ ಅಂಗಡಿಗೆ ಒಂದ ದಿನ ಹೋಗಿದ್ದನಂತ, ಮೆಣಸಿನಕಾಯಿ ಮೂಸಿ ಮೂಸಿ ಅಳಾಕ ನಿಂತಿದ್ದನಂತ. ಅದಕ್ಕ ನಮ್ಮಣ್ಣ ಅವತ್ತ ಕೋರ್ಟಿಗೆ ಬಂದಿದ್ದ. ಮೊದಲ ಹೆಂಗಿದ್ದ, ಈಗ ಹೆಂಗಾಗ್ಯಾನ, ನಾ ಸಾಕ್ಷಿ ಹೇಳ್ತೀನಿ ಅಂತ ಬಂದಿದ್ದ. ನಿಮ್ಮಪ್ಪಾರ ಎತ್ತಿನ ಕೇಸ್ ಅಂದ್ರಂತ. ನಡುವ ಬಾಯಿ ಹಾಕಿದ್ರ ನಿಮಗ ಅವಮಾನ ಆದೀತು ಅಂತ ಸುಮ್ನ ಕೂತನಂತ."

ನನ್ನ ಕೈಯಲ್ಲಿದ್ದ ಕಡಲೆ ಕೈಯಲ್ಲೇ ಉಳಿಯಿತು. ವಕೀಲರು ಕೇಳಿದ್ದ ಹೊರಗಿನ ಸಾಕ್ಷಿ ತಾನಾಗಿ ನಡೆದುಕೊಂಡು ನಮ್ಮ ಮುಂದೆ ಬಂದು ನಿಂತಿದ್ದ. ಅವನಿಗೆ ಹೆದರಿಯೇ ನಾವು ಎಲ್ಲ ಮುಚ್ಚಿದ್ದೆವು. ಆಗ ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ... ಅತ್ತೆಯ ಮುಂದಿನಿಂದ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಅತ್ತೆ ಬೇರೇನೋ ತಿಳಿದು ಸಂತೋಷಪಟ್ಟರು.

ಮುಂದೆ ಕೆಲವೇ ವರ್ಷ ಕಾಕಾ ಬದುಕಿದ. ಒಬ್ಬನೇ ಹೊಲಕ್ಕೆ ಹೋದವನು ಮೂರ್ಛೆ ಬಂದು ಕಾಲುವೆಯ ನೀರಿನಲ್ಲಿ ಮುಖ ಕೆಳಗಾಗಿ ಬಿದ್ದಿದ್ದ. ಮೊಣಕಾಲು ಮುಳುಗುವಷ್ಟೂ ನೀರಿರಲಿಲ್ಲ ಅದರಲ್ಲಿ. ನಾನು ತಲುಪುವ ಹೊತ್ತಿಗೆ ಮಣ್ಣಾಗಿತ್ತು. ಅಪ್ಪ ತಾನು ಸಾಯುವತನಕ, "ಅವತ್ತ ನಾ ಬಾಯಿ ಬಿಗಿ ಹಿಡದಿದ್ದಕ್ಕ ಈ ಹುಡುಗಿ ಬಾಳು ನೆಟ್ಟಗಾತು" ಎಂದು ಹೇಳಿಕೊಂಡೇ ಇದ್ದ. ಅವನಿಗೆ ನಿಜ ಹೇಳಲು ಎಷ್ಟೋ ಸಲ ಬಾಯಿ ತೆರೆದೆ, ಹೇಳಲಿಲ್ಲ.

ಚಿಗವ್ವ ಹೋದ ವರ್ಷ ತೀರಿಕೊಂಡಳು. ಅದಕ್ಕೂ ಮೊದಲು ಊರಿಗೆ ಹೋಗಿ ಅವಳ ಹಾಸಿಗೆಯ ಹತ್ತಿರ ಕೂತಿದ್ದೆ. ಮಾತು ಕಾಕಾನ ಕಡೆಗೆ, ಕೋರ್ಟಿನ ಕಡೆಗೆ ಹೋಯಿತು. ಇವತ್ತಾದರೂ ಹೇಳಿಬಿಡಬೇಕು, ಅವರಿಗೆ ಮೊದಲೇ ಗೊತ್ತಿತ್ತು ಚಿಗವ್ವಾ ಎಂದು ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅಷ್ಟರಲ್ಲಿ ಅವಳು ನನ್ನ ಮುಂಗೈ ಸವರುತ್ತ, "ಹೋಗ್ಲಿ ಬಿಡವಾ. ಅವತ್ತ ನಾನೂ ಅವ್ರೂ ಸುಳ್ಳ ಹೇಳಿದ್ದಕ್ಕ ನಿನ್ನ ಲಗ್ನ ಆತು. ನಿಮ್ಮ ಕಾಕಾ ಪುಕ್ಕಟೆ ಹೋಗಲಿಲ್ಲ, ಹೌದಿಲ್ಲೋ?" ಎಂದಳು.

"ಹೌದ, ಚಿಗವ್ವಾ" ಎಂದೆ.